ಹೊಳೆಯುವ ಕೋಲ್ಟ್, ಸವೆದ ಸ್ಮಿತ್

ನಾನು ಕೊಂಡ ಮೊದಲ ಹಳೆಯ ರಿವಾಲ್ವರ್ ಕೋಲ್ಟ್ ಕಂಪನಿಯ ಅಫಿಷಿಯಲ್ ಪೊಲೀಸ್. ಡೀಲರ್ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಅದೇ ಮಾಡೆಲ್ಲಿನ ಇನ್ನೊಂದು ಮಲಗಿತ್ತು. ಅದರ ಬ್ಯಾರೆಲ್ ತುದಿಯಲ್ಲಿ ನೀಲಿ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಹಿಡಿಯ ಹಿಂಬದಿ ಕಂದು ತಿರುಗಿತ್ತು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಂದುಕೊಂಡು ಹೊಳೆಯುವುದನ್ನೇ ಆರಿಸಿದೆ. ಚೌಕಾಸಿ ಮಾಡಿ ಸ್ವಲ್ಪ ಇಳಿಸಿದೆ ಕೂಡ. ಲೈಸೆನ್ಸು, ಕಾಗದಪತ್ರ ಎಲ್ಲ ಮುಗಿದು ಅದು ಕೈಗೆ ಬಂದ ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಅಷ್ಟು ಖುಷಿ.

ಆ ಖುಷಿ ಎಂಟು ದಿನ ಇತ್ತು. ನನಗೆ ಪರಿಚಯದ ಹಿರಿಯ ಸಂಗ್ರಹಕಾರರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇವೆ. ಶಾಲೆಯಲ್ಲಿ ಪಾಠ ಮಾಡಿದವರೇನಲ್ಲ, ಆದರೆ ಕೈಗೆ ಒಂದು ರಿವಾಲ್ವರ್ ಕೊಟ್ಟರೆ ಪಾಠ ತಾನಾಗಿ ಶುರುವಾಗುತ್ತದೆ. ಅವರಿಗೆ ತೋರಿಸಲು ತೆಗೆದುಕೊಂಡು ಹೋದೆ. ಮೊದಲು ಗುಂಡು ತುಂಬುವ, ತಿರುಗುವ ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿದರು. ಬೆರಳು ಹಾಕಿ ಇನ್ನೊಮ್ಮೆ ನೋಡಿದರು. ಆಮೇಲೆ ದೀಪದ ಕೆಳಗೆ ಹಿಡಿದು ಓರೆ ಮಾಡಿ ತಿರುಗಿಸಿದರು.

"ಪಾಲಿಶ್ ಚೆನ್ನಾಗಿ ಮಾಡಿದ್ದಾರೆ" ಅಂದರು.

ನಾನು ಅದನ್ನು ಹೊಗಳಿಕೆ ಅಂದುಕೊಂಡೆ. "ಹೌದು ಮೇಷ್ಟ್ರೇ, ಇಷ್ಟು ವರ್ಷ ಯಾರೋ ಜೋಪಾನವಾಗಿ ಇಟ್ಟಿದ್ದಾರೆ" ಅಂದೆ.

ಅವರು ಮಾತಾಡದೆ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಎಡಗಡೆ ತಟ್ಟೆಯ ಮೇಲೆ ಕೋಲ್ಟ್ ಕಂಪನಿಯ ಕುದುರೆ ಇರುತ್ತದಲ್ಲ, ಅದನ್ನು ನೋಡು ಅಂದರು. ಕುದುರೆಯ ಗೆರೆಗಳು ಕಲಸಿಹೋಗಿದ್ದವು. ಮುಂಗಾಲು ಎಲ್ಲಿ ಮುಗಿಯುತ್ತದೆ ಅಂತ ಹೇಳೋದೇ ಕಷ್ಟ. ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಸೋಪಿನ ಬಿಲ್ಲೆಯ ಮೇಲಿನ ಹೆಸರಿನ ಹಾಗೆ ಕರಗಿತ್ತು. ಸ್ಕ್ರೂ ಕೂತ ಜಾಗದ ಸುತ್ತ ಉಕ್ಕು ಸಣ್ಣ ತಟ್ಟೆಯಂತೆ ತಗ್ಗಾಗಿತ್ತು. ಫ್ರೇಮಿನ ಚೂಪು ಅಂಚುಗಳೆಲ್ಲ ದುಂಡಗಾಗಿದ್ದವು. ಹಳೆಯ ಬಣ್ಣ ಕೆರೆದು ತೆಗೆದು, ತಿರುಗುವ ಪಾಲಿಶ್ ಚಕ್ರಕ್ಕೆ ಒತ್ತಿ ಹಿಡಿದು, ಮತ್ತೆ ಹೊಸದಾಗಿ ನೀಲಿ ಮಾಡಿದ್ದಾರೆ. ಚಕ್ರಕ್ಕೆ ಕುದುರೆ ಯಾವುದು, ತುಕ್ಕು ಯಾವುದು ಅಂತ ಏನು ಗೊತ್ತು?

ಹೀಗೆ ಮರುಬಣ್ಣ ಕಂಡ ರಿವಾಲ್ವರಿಗೆ ಸಂಗ್ರಹಕಾರರು ಕೊಡೋದು ಮೂಲ ಬಣ್ಣ ಇರುವುದರ ಅರ್ಧದ ಆಸುಪಾಸು. ಅಂದರೆ ನಾನು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟುಬಂದ ಆ ಸವಕಲು ಕೋಲ್ಟೇ ನಿಜವಾಗಿ ಅಗ್ಗದ್ದು. ನಾನು ಕೊಂಡದ್ದು ದುಬಾರಿ.

ಅಷ್ಟಕ್ಕೇ ಮುಗಿದಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮೇಷ್ಟ್ರು ಖಾಲಿ ರಿವಾಲ್ವರನ್ನು ಗೋಡೆಯ ಕಡೆ ತಿರುಗಿಸಿ, ಒಂದು ಬೆರಳನ್ನು ಸಿಲಿಂಡರಿಗೆ ಮೆಲ್ಲಗೆ ತಾಗಿಸಿಕೊಂಡು, ಬಡಿದು ಗುಂಡು ಹಾರಿಸುವ ಹ್ಯಾಮರನ್ನು ನಿಧಾನಕ್ಕೆ ಹಿಂದೆ ಎಳೆದರು. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಂತಿತು. ಸಿಲಿಂಡರ್ ಇನ್ನೂ ಕೂದಲೆಳೆಯಷ್ಟು ಹಿಂದೆ ಉಳಿದಿತ್ತು, ಬೀಗ ಬಿದ್ದಿರಲಿಲ್ಲ. ಗುಂಡು ಕೂರುವ ಆರು ತೂತುಗಳಲ್ಲಿ, ಅಂದರೆ ಚೇಂಬರುಗಳಲ್ಲಿ, ಮೂರು ಹೀಗೆ. ಸಿಲಿಂಡರನ್ನು ತಿರುಗಿಸುವ ಪುಟ್ಟ ಭಾಗವೊಂದು ಒಳಗಿರುತ್ತದೆ, ಅದಕ್ಕೆ 'ಹ್ಯಾಂಡ್' ಅಂತಾರೆ. ಹಳೆಯ ಕೋಲ್ಟುಗಳಲ್ಲಿ ಅದು ಸವೆದರೆ ಟೈಮಿಂಗ್ ತಪ್ಪುತ್ತದೆ. ಗುಂಡು ಹೊಡೆಯುವಾಗ ಚೇಂಬರ್ ಮತ್ತು ಬ್ಯಾರೆಲ್ ಒಂದೇ ಸಾಲಿಗೆ ಬರದಿದ್ದರೆ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಇದನ್ನು ಸರಿಮಾಡೋಕೆ ಆ ಹಳೆಯ ಕೋಲ್ಟುಗಳ ಕೆಲಸ ಬಲ್ಲ ಗನ್‌ಸ್ಮಿತ್ ಬೇಕು. ಅಂಥವರು ದಿನದಿನಕ್ಕೆ ಕಮ್ಮಿಯಾಗುತ್ತಿದ್ದಾರೆ.

ಅವತ್ತು ಮೇಷ್ಟ್ರು ಬೈಯಲಿಲ್ಲ. "ಒಂದು ಸಲ ಎಲ್ಲರೂ ಈ ಫೀಸು ಕಟ್ಟುತ್ತಾರೆ. ಎರಡನೇ ಸಲ ಕಟ್ಟಬೇಡ" ಅಂದರು. ಆಮೇಲೆ ಒಂದೇ ಒಂದು ಬುದ್ಧಿಮಾತು. "ಎಲ್ಲಾ ಕಲಿಯೋಕೆ ಹೋಗಬೇಡ. ಒಂದು ಜಾತಿ ಹಿಡಿ. ಅದನ್ನ ಡೀಲರಿಗಿಂತ ಜಾಸ್ತಿ ತಿಳ್ಕೋ."

ನಾನು ಹಿಡಿದದ್ದು ಸ್ಮಿತ್ ಆಂಡ್ ವೆಸನ್ ಕಂಪನಿಯ ಕೆ-ಫ್ರೇಮ್, ಅಂದರೆ ಮಧ್ಯಮ ಗಾತ್ರದ ರಿವಾಲ್ವರುಗಳು. ಅದರಲ್ಲೂ ಹಿಂದಿನ ಗುರಿಕಣ್ಣನ್ನು ಹೊಂದಿಸಿಕೊಳ್ಳಬಹುದಾದವು. ಕಾರಣ ತುಂಬ ಸರಳ. ಲೆಕ್ಕವಿಲ್ಲದಷ್ಟು ತಯಾರಾಗಿವೆ, ಹಾಗಾಗಿ ಒಂದು ಕೈತಪ್ಪಿದರೆ ಇನ್ನೊಂದು ಬರುತ್ತದೆ. ಬಿಡಿಭಾಗ ಸಿಗುತ್ತದೆ. ಮುಖ್ಯವಾಗಿ, ಅವು ತಮ್ಮ ಜಾತಕವನ್ನು ಮೈಮೇಲೆ ಬರೆದುಕೊಂಡೇ ಓಡಾಡುತ್ತವೆ. ಓದೋಕೆ ಬರಬೇಕು ಅಷ್ಟೇ.

ಈ ಓದೋದು ನನಗೆ ಹುಚ್ಚು ಹಿಡಿಸಿತು. 1957ಕ್ಕೆ ಮುಂಚೆ ಈ ಕಂಪನಿಯ ರಿವಾಲ್ವರುಗಳಿಗೆ ಹೆಸರು ಮಾತ್ರ ಇತ್ತು. 1899ರಿಂದ ಬಂದ ಮಿಲಿಟರಿ ಆಂಡ್ ಪೊಲೀಸ್, 1957ರ ನಂತರ ಮಾಡೆಲ್ 10 ಆಯಿತು. ಕಾಂಬ್ಯಾಟ್ ಮಾಸ್ಟರ್‌ಪೀಸ್ ಮಾಡೆಲ್ 15 ಆಯಿತು. ಕಾಂಬ್ಯಾಟ್ ಮ್ಯಾಗ್ನಮ್ ಮಾಡೆಲ್ 19. ಸಿಲಿಂಡರ್ ಹೊರಗೆ ತೆರೆದರೆ, ಅದು ಮುಚ್ಚಿಕೊಳ್ಳುವ ಸಂದಿನಲ್ಲಿ, ಯೋಕ್ ಅನ್ನುವ ತೋಳಿನ ಹಿಂದೆ, ಈ ನಂಬರ್ ಒತ್ತಿರುತ್ತಾರೆ. ನಂಬರಿನ ಮುಂದೆ ಒಂದು ಅಡ್ಡಗೀಟು, ಅದರ ಮುಂದೆ ಇನ್ನೊಂದು ಅಂಕಿ ಇದ್ದರೆ ಅದು ತಯಾರಿಕೆಯಲ್ಲಿ ಮಾಡಿದ ಬದಲಾವಣೆಯ ಗುರುತು. ಉದಾಹರಣೆಗೆ 15-1 ಬಂದಾಗ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸನ್ನು ಹೊರತಳ್ಳುವ ಕಡ್ಡಿಯ ತಿರುಪನ್ನು ಎಡಸುತ್ತು ಮಾಡಿದರು. ಬಲಸುತ್ತಿನದು ಗುಂಡು ಹೊಡೆಯುತ್ತಾ ಹೋದಂತೆ ಸಡಿಲವಾಗಿ ಸಿಲಿಂಡರನ್ನೇ ಕಚ್ಚಿ ಹಿಡಿಯುತ್ತಿತ್ತು. 15-2ರಲ್ಲಿ ಟ್ರಿಗರ್ ಗಾರ್ಡಿನ ಮುಂದಿದ್ದ ಸ್ಕ್ರೂ ಹೋಯಿತು. ಅದು 1961.

ಸ್ಕ್ರೂ ಎಣಿಸೋದೂ ಒಂದು ಆಟ. ಹಳೆಯವುಗಳಲ್ಲಿ ಒಟ್ಟು ಐದು. 1955ರ ಸುಮಾರಿಗೆ ಪಕ್ಕದ ತಟ್ಟೆಯ ಮೇಲ್ತುದಿಯದು ಹೋಗಿ ನಾಲ್ಕಾಯಿತು. ಆಮೇಲೆ ಮೂರು. ಒಂದು ಹಿಡಿಯ ಕೆಳಗೆ ಅಡಗಿ ಕೂತಿರುತ್ತದೆ, ಅದನ್ನು ಮರೆತು ಎಣಿಸಿ ನಾನು ಎರಡು ಸಲ ಪೆಚ್ಚಾಗಿದ್ದೇನೆ. ಇನ್ನೊಂದು ಗುರುತು, ಬ್ಯಾರೆಲ್ ಫ್ರೇಮಿಗೆ ಸೇರುವ ಜಾಗದಲ್ಲಿ ಅಡ್ಡಲಾಗಿ ಹೊಡೆದ ಸಣ್ಣ ಪಿನ್ನು. 1982ರ ಸುಮಾರಿಗೆ ಇದನ್ನು ನಿಲ್ಲಿಸಿದರು. ಹೆಚ್ಚು ಜೋರಿನ ಗುಂಡು ಹೊಡೆಯುವ ಮ್ಯಾಗ್ನಮ್ ಮಾಡೆಲ್ಲುಗಳಲ್ಲಿ ಕೇಸಿನ ಅಂಚು ಸಿಲಿಂಡರಿನೊಳಗೆ ಮುಳುಗಿ ಕೂರುತ್ತಿತ್ತು, ಅದೂ ಆಗಲೇ ನಿಂತಿತು. ಪಿನ್ನು ಇಲ್ಲದಿದ್ದರೆ ರಿವಾಲ್ವರ್ ಕೆಟ್ಟದ್ದೇನಲ್ಲ. ಆದರೆ ಪಿನ್ನು ಇರುವುದಕ್ಕೆ ಜನ ಜಾಸ್ತಿ ಕೊಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, 1965ರ ರಿವಾಲ್ವರಿನಲ್ಲಿ ಪಿನ್ನೇ ಇಲ್ಲ ಅಂದರೆ ಬ್ಯಾರೆಲ್ ಬದಲಾಗಿದೆ ಅಂತ ಅನುಮಾನ ಪಡಲೇಬೇಕು.

ಕಲಿಕೆಯ ಇನ್ನೊಂದು ಭಾಗ ಬೇಜಾರಿನದು. ಒಂದು ನೋಟ್‌ಬುಕ್ ತೆಗೆದು ಬೆಲೆ ಬರೆಯತೊಡಗಿದೆ. ಮಾರುವವನು ಕೇಳಿದ ಬೆಲೆಯನ್ನಲ್ಲ, ಮಾರಾಟ ಆದ ಬೆಲೆಯನ್ನು. ಕೇಳೋಕೆ ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು ಅಲ್ವಾ? ಮಾಡೆಲ್, ಬ್ಯಾರೆಲ್ ಉದ್ದ, ನೂರಕ್ಕೆ ಎಷ್ಟು ಭಾಗ ಬಣ್ಣ ಉಳಿದಿದೆ, ಹಿಡಿ ಮೂಲದ್ದೋ ಅಲ್ಲವೋ, ಪೆಟ್ಟಿಗೆ ಇದೆಯೋ, ಕೊನೆಗೆ ಎಷ್ಟಕ್ಕೆ ಹೋಯಿತು. ಮೂರು ತಿಂಗಳು ಏನೂ ಕೊಳ್ಳದೆ ಬರೀ ಬರೆದೆ. ಮೂರನೇ ತಿಂಗಳ ಹೊತ್ತಿಗೆ ಒಂದನ್ನು ನೋಡಿದ ತಕ್ಷಣ ಬೆಲೆ ಬಾಯಿಗೆ ಬರುತ್ತಿತ್ತು. ಹತ್ತರಲ್ಲಿ ಏಳೆಂಟು ಸಲ ಸರಿ ಇರುತ್ತಿತ್ತು.

ಕೋಲ್ಟ್ ಪೈಥಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. 1955ರಲ್ಲಿ ಬಂತು, 1999ರಲ್ಲಿ ಮಾಮೂಲಿ ತಯಾರಿಕೆ ನಿಂತಿತು, 2020ರಲ್ಲಿ ಹೊಸ ವಿನ್ಯಾಸದಲ್ಲಿ ಮತ್ತೆ ಬಂತು. ಹಳೆಯದರ ರಾಯಲ್ ಬ್ಲೂ ಬಣ್ಣ ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರು ಬರುತ್ತದೆ. ಆದರೆ ಅದು ಏನು ಅಂತ ಲೋಕಕ್ಕೆಲ್ಲ ಗೊತ್ತು. ಲೋಕಕ್ಕೆಲ್ಲ ಗೊತ್ತಿರುವುದು ಅಗ್ಗಕ್ಕೆ ಸಿಗೋದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಪೈಥಾನಿಗೆ ಒಂದು ಪುಟ ಇದೆ, ಸುಮ್ನೆ ನೋಡಿ ನಿಟ್ಟುಸಿರು ಬಿಡೋಕೆ.

ಮೊದಲ ಪರೀಕ್ಷೆ ಒಂದು ಹರಾಜಿನಲ್ಲಿ ಬಂತು. ವಿಕ್ಟರಿ ಮಾಡೆಲ್. ಎರಡನೇ ಮಹಾಯುದ್ಧಕ್ಕೆಂದು ಸ್ಮಿತ್ ಆಂಡ್ ವೆಸನ್ ಮಾಡಿದ ಮಿಲಿಟರಿ ಆಂಡ್ ಪೊಲೀಸ್. ಹೊಳಪಿಲ್ಲದ ಬೂದು ಬಣ್ಣ, ಹಿಡಿಯ ಬುಡದಲ್ಲಿ ದಾರ ಕಟ್ಟುವ ಬಳೆ, ಸೀರಿಯಲ್ ನಂಬರಿನ ಮುಂದೆ ವಿ ಅಕ್ಷರ. 1944ರಲ್ಲಿ ಹಡಗಿನ ಮೇಲೆ ಕೆಳಗೆ ಬಿದ್ದ ಒಂದರಿಂದ ಗುಂಡು ಹಾರಿ ನಾವಿಕನೊಬ್ಬ ಸತ್ತ. ಆಮೇಲೆ ಹ್ಯಾಮರ್ ತಡೆಯುವ ಹೊಸ ತುಂಡು ಸೇರಿಸಿದರು, ನಂಬರಿನ ಮುಂದೆ ಎಸ್‌ವಿ ಬಂತು. ಇಂಥ ಕಥೆ ಇರುವ ವಸ್ತು ಯಾರಿಗೆ ಬೇಡ? ಹರಾಜಿನವರ ಫೋಟೋದಲ್ಲಿ ಚೆನ್ನಾಗೇ ಕಾಣುತ್ತಿತ್ತು. ಆರಂಭದ ಬೆಲೆ ನನ್ನ ನೋಟ್‌ಬುಕ್ಕಿಗಿಂತ ಬಹಳ ಕೆಳಗಿತ್ತು.

ಬಹಳ ಕೆಳಗಿದ್ದದ್ದೇ ನನ್ನನ್ನು ತಡೆಯಿತು. ಬ್ರಿಟಿಷರಿಗೆ ಕಳಿಸಿದ ವಿಕ್ಟರಿಗಳು .38 ಸ್ಮಿತ್ ಆಂಡ್ ವೆಸನ್ ಅನ್ನುವ ಗಿಡ್ಡ ಗುಂಡಿನವು. ಯುದ್ಧ ಮುಗಿದ ಮೇಲೆ ಅವನ್ನು ರಾಶಿರಾಶಿಯಾಗಿ ಕೊಂಡು, ಉದ್ದನೆಯ .38 ಸ್ಪೆಷಲ್ ಹಿಡಿಯುವಂತೆ ಚೇಂಬರ್ ಕೊರೆದು, ಬ್ಯಾರೆಲ್ ಗಿಡ್ಡ ಮಾಡಿ ಮಾರಿದವರಿದ್ದರು. ತೊಂದರೆ ಏನೆಂದರೆ .38 ಸ್ಪೆಷಲ್ ಉದ್ದ ಹೌದು, ಆದರೆ ಸ್ವಲ್ಪ ತೆಳ್ಳಗೆ. ಅಗಲದ ಚೇಂಬರಿನಲ್ಲಿ ಕೇಸು ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಸಂಗ್ರಹಕಾರನ ಲೆಕ್ಕದಲ್ಲಂತೂ ಅದು ಮುಗಿದ ಕಥೆ. ನೋಡಲು ಇಟ್ಟ ದಿನ ಹೋದೆ. ಅಲ್ಲಿದ್ದವರ ಅನುಮತಿ ಕೇಳಿ, ನನ್ನ ಜೇಬಿನಲ್ಲಿದ್ದ .38 ಸ್ಪೆಷಲ್ ಡಮ್ಮಿಯನ್ನು, ಅಂದರೆ ಮದ್ದಿಲ್ಲದ ಗುಂಡನ್ನು, ಒಂದೊಂದೇ ಚೇಂಬರಿಗೆ ಬಿಟ್ಟೆ. ಸರಕ್ಕಂತ ಪೂರ್ತಿ ಒಳಗೆ ಹೋಯಿತು. ಆರಕ್ಕೆ ಆರೂ. ಬ್ರಿಟಿಷರಿಗೆ ಹೋಗಿದ್ದ ಇದನ್ನೂ ಕೊರೆದಿದ್ದರು. ಥ್ಯಾಂಕ್ಸ್ ಹೇಳಿ ವಾಪಸ್ ಇಟ್ಟೆ. ಪಕ್ಕದಲ್ಲಿ ವೆಬ್ಲಿ ಮಾರ್ಕ್ 6 ಅನ್ನುವ ಬ್ರಿಟಿಷ್ ರಿವಾಲ್ವರ್ ಒಂದಿತ್ತು. ಅದರ ಸಿಲಿಂಡರಿನ ಹಿಂಭಾಗವನ್ನೂ .45 ಆಟೋ ಗುಂಡು ಹಿಡಿಯಲು ಕೆರೆದಿದ್ದರು. ಆ ಗುಂಡಿನ ಒತ್ತಡ ವೆಬ್ಲಿಯನ್ನು ಮಾಡಿದ ಲೆಕ್ಕಕ್ಕಿಂತ ಜಾಸ್ತಿ. ಅದರ ಬೆಲೆಯೂ ಕಮ್ಮಿಯೇ ಇತ್ತು.

ಹರಾಜಿನ ಬಗ್ಗೆ ಒಂದು ಮಾತು. ಕೂಗಿದ ಬೆಲೆ ಕೊಡುವ ಬೆಲೆ ಅಲ್ಲ. ಮೇಲೆ ಹರಾಜಿನವರ ಕಮಿಷನ್ ಇರುತ್ತದೆ. ತೆರಿಗೆ, ಸಾಗಣೆ, ನಿಮ್ಮ ಕಡೆಯ ಡೀಲರ್ ಕಾಗದ ಮಾಡುವ ಫೀಸು ಎಲ್ಲ ಸೇರಿ ಅಗ್ಗ ಅಂದುಕೊಂಡದ್ದು ಅಂಗಡಿಯ ಬೆಲೆ ದಾಟುವುದನ್ನು ನೋಡಿದ್ದೇನೆ. ಲೈಸೆನ್ಸಿನ ಕಾನೂನು ಒಂದೊಂದು ಕಡೆ ಒಂದೊಂದು ಥರ. ಹಳೆಯದು, ಅಲಂಕಾರಕ್ಕೆ ಅಂದುಬಿಟ್ಟರೆ ವಿನಾಯಿತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ನಿಯಮ ಓದಿ, ಕಾಗದ ಮಾಡಿಸಿಕೊಂಡು, ಆಮೇಲೆ ಚಂದ ನೋಡೋಕೆ ಹೋಗಿ. ಕಾಗದ ಬೇಡ, ಕಮ್ಮಿಗೆ ಕೊಡ್ತೀನಿ ಅಂತ ಒಬ್ಬ ನನಗೂ ಹೇಳಿದ್ದ. ಅವನ ಮುಖ ಮತ್ತೆ ನೋಡಲಿಲ್ಲ.

ಹಳೆಯ ರಿವಾಲ್ವರಿನ ಬೇಟೆಗೆ ಹೊರಡುವಾಗ ನನ್ನ ಜೇಬಿನಲ್ಲಿ ಇರುವುದು ಇಷ್ಟು: ಪುಟ್ಟ ಟಾರ್ಚು, ಭೂತಗನ್ನಡಿ, ಡಮ್ಮಿ ಗುಂಡುಗಳು, ಸಂದಿನ ಅಗಲ ಅಳೆಯಲು ಮೆಕ್ಯಾನಿಕ್ಕುಗಳು ಬಳಸುವ ಫೀಲರ್ ಗೇಜ್, ಬಿಳಿ ರಟ್ಟಿನ ಚೂರು, ಸರಿಯಾದ ಅಳತೆಯ ಸ್ಕ್ರೂಡ್ರೈವರ್. ರಟ್ಟನ್ನು ಸಿಲಿಂಡರ್ ತೆರೆದ ಜಾಗದಲ್ಲಿ ಬ್ಯಾರೆಲ್ ಹಿಂದೆ ಇಟ್ಟು ಬೆಳಕು ಬಿಟ್ಟರೆ ಒಳಗಿನ ಗೆರೆಗಳೆಲ್ಲ ಕಾಣುತ್ತವೆ. ತುಕ್ಕು ತಿಂದ ಗುಳಿ ಇದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಆರನೇ ತಿಂಗಳಿಗೆ ಅದು ಸಿಕ್ಕಿತು. ನಾನು ಆಗಾಗ ಹೋಗುವ ಡೀಲರ್ ಅಂಗಡಿಯೇ. ಮುಖ್ಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಮೂಲೆಯ ಕಪಾಟಿನಲ್ಲಿ, ಪೊಲೀಸ್ ಇಲಾಖೆಗಳು ಹೊಸದು ಕೊಂಡಾಗ ಬಿಟ್ಟುಕೊಟ್ಟ ಹಳೆಯ ರಿವಾಲ್ವರುಗಳ ಸಾಲಿನಲ್ಲಿತ್ತು. ಈ ಪೊಲೀಸ್ ರಿವಾಲ್ವರುಗಳಲ್ಲಿ ಒಂದು ವಿಶೇಷ ಇದೆ. ಹೊರಗೆ ಚರ್ಮದ ಉಜ್ಜಾಟಕ್ಕೆ ಬಣ್ಣ ಹೋಗಿರುತ್ತದೆ, ಒಳಗೆ ಹೊಸದರಂತೆ ಇರುತ್ತದೆ. ಯಾಕೆಂದರೆ ದಿನಾ ಸೊಂಟದಲ್ಲಿ ಇರುತ್ತದೆ, ಗುಂಡು ಹೊಡೆಯೋದು ವರ್ಷಕ್ಕೆ ಒಂದೆರಡು ಸಲ. ಜನ ಹೊರಗಿನದು ನೋಡಿ ಮುಂದೆ ಹೋಗುತ್ತಾರೆ.

ಇದಕ್ಕೆ ದಪ್ಪ ಕಪ್ಪು ರಬ್ಬರ್ ಹಿಡಿ ಹಾಕಿದ್ದರು. ಅಜ್ಜನಿಗೆ ಕ್ರಿಕೆಟ್ ಪ್ಯಾಡ್ ಕಟ್ಟಿದ ಹಾಗಿತ್ತು. ಬ್ಯಾರೆಲ್ ತುದಿ, ಸಿಲಿಂಡರಿನ ಅಂಚು ಬೆಳ್ಳಗಾಗಿದ್ದವು. ಬೆಲೆಚೀಟಿಯ ಮೇಲೆ ".38, ಬಳಸಿದ್ದು" ಅಂತ ಮಾತ್ರ. ಮಾಡೆಲ್ ಬರೆದಿರಲಿಲ್ಲ. ಆದರೆ ಬ್ಯಾರೆಲ್ ಮೇಲಿನ ಎತ್ತರದ ಪಟ್ಟಿ, ಹಿಂದಿನ ಹೊಂದಿಸುವ ಗುರಿಕಣ್ಣು ನೋಡಿ ನನ್ನ ಎದೆ ಹೊಡೆದುಕೊಂಡಿತು. ಮುಖದಲ್ಲಿ ಏನೂ ತೋರಿಸಿಕೊಳ್ಳದೆ, "ಅದನ್ನೊಂಚೂರು ನೋಡಬಹುದಾ ಸಾರ್?" ಅಂದೆ. ಮುಖ ಕಲ್ಲಿನಂತೆ ಇಟ್ಟುಕೊಳ್ಳೋದನ್ನೂ ಈ ಹವ್ಯಾಸ ಕಲಿಸುತ್ತದೆ. ಮನೆಯಲ್ಲಿ ಅದು ಕೆಲಸಕ್ಕೆ ಬಂದಿಲ್ಲ.

ಡೀಲರ್ ಖಾಲಿ ಇರುವುದನ್ನು ತೋರಿಸಿ ಕೊಟ್ಟರು. ನಾನೂ ನೋಡಿದೆ. ಸ್ಮಿತ್‌ನಲ್ಲಿ ಸಿಲಿಂಡರ್ ತೆರೆಯುವ ಗುಂಡಿಯನ್ನು ಮುಂದೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದೆ ಎಳೆಯಬೇಕು. ಹಳೆಯ ಅಭ್ಯಾಸಕ್ಕೆ ಒಂದು ಸಲ ಎಳೆದೆ, ಅವರು ನಕ್ಕರು. ತೆರೆದ ಸಂದಿನಲ್ಲಿ ಓದಿದೆ: 15-2. ಅಂದರೆ 1961ರಿಂದ 1967ರವರೆಗಿನದು. ಪಿನ್ನು ಇತ್ತು. ಹಿಡಿಯ ಬುಡದಲ್ಲಿ ಕೆ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು, ಅದನ್ನು ರಬ್ಬರ್ ಮುಚ್ಚಿತ್ತು.  

ಮೊದಲು ಬಣ್ಣ. ಅಕ್ಷರಗಳ ಅಂಚು ಉಗುರಿಗೆ ಸಿಕ್ಕುವಷ್ಟು ಚೂಪಾಗಿದ್ದವು. ಸ್ಕ್ರೂ ಸುತ್ತ ತಗ್ಗಿಲ್ಲ. ಹ್ಯಾಮರ್, ಟ್ರಿಗರುಗಳ ಮೇಲೆ ಎಣ್ಣೆ ಬಿದ್ದ ನೀರಿನಲ್ಲಿ ಕಾಣುವಂಥ ಕಂದು-ನೀಲಿ ಬಣ್ಣಗಳು ಹಾಗೇ ಇದ್ದವು. ಮರುಬಣ್ಣ ಮಾಡುವವರು ಎಷ್ಟೋ ಸಲ ಅವನ್ನೂ ಸೇರಿಸಿ ನೀಲಿ ಮಾಡಿಬಿಡುತ್ತಾರೆ. ಹಾಗೆ ಕಂಡರೆ ಅಲ್ಲೇ ಗೊತ್ತಾಗುತ್ತದೆ. ಸ್ಕ್ರೂಗಳ ಗೀರು ಕೂಡ ನೋಡಿದೆ. ಸಿಕ್ಕ ಸ್ಕ್ರೂಡ್ರೈವರಿನಿಂದ ಯಾರಾದರೂ ಬಿಚ್ಚಿದ್ದರೆ ಗೀರಿನ ಅಂಚು ಚಿಂದಿಯಾಗಿರುತ್ತದೆ. ಇವು ಮುಟ್ಟಿಲ್ಲದಂತೆ ಇದ್ದವು. ಒಳಗೆ ಯಾರೂ ಕೈಹಾಕಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಆಮೇಲೆ ಯಂತ್ರ. ಅನುಮತಿ ಕೇಳಿದೆ. ಇದು ಮರ್ಯಾದೆಯ ವಿಷಯ, ಕೇಳದೆ ಹ್ಯಾಮರ್ ಎಳೆಯುವವರನ್ನು ಡೀಲರುಗಳು ಮತ್ತೆ ಹತ್ತಿರ ಸೇರಿಸೋದಿಲ್ಲ. ಸಿನಿಮಾದಲ್ಲಿ ಮಾಡುವ ಹಾಗೆ ಕೈ ಝಾಡಿಸಿ ಸಿಲಿಂಡರ್ ಮುಚ್ಚುವವರನ್ನಂತೂ ನೇರ ಬಾಗಿಲು ತೋರಿಸುತ್ತಾರೆ. ಯೋಕ್ ಬಾಗಿಹೋಗುವುದೇ ಅದರಿಂದ. ಮೇಷ್ಟ್ರು ಕಲಿಸಿದಂತೆ ಬೆರಳು ತಾಗಿಸಿಕೊಂಡು ಹ್ಯಾಮರ್ ನಿಧಾನ ಎಳೆದೆ. ಪ್ರತಿ ಸಲವೂ ಹ್ಯಾಮರ್ ನಿಲ್ಲುವ ಮುಂಚೆಯೇ 'ಟಿಕ್' ಅಂತ ಬೀಗ ಬಿತ್ತು. ಆರಕ್ಕೆ ಆರೂ. ಹ್ಯಾಮರ್ ಹಿಂದೆ ನಿಂತಾಗ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದೆ, ಜಾರಲಿಲ್ಲ. ಟ್ರಿಗರ್ ಹಗುರ ಮಾಡೋಕೆ ಒಳಗಿನ ಕಚ್ಚನ್ನು ಉಜ್ಜಿದ್ದರೆ ಇಲ್ಲಿ ಜಾರಿಬಿಡುತ್ತದೆ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿದೆ, ಆಡುವುದು ಗೊತ್ತಾಗಲೇ ಇಲ್ಲ. ಬ್ಯಾರೆಲ್-ಸಿಲಿಂಡರ್ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿದೆ. 0.005 ಇಂಚಿನ ಎಲೆ ಹೋಯಿತು, 0.006ರದು ಹೋಗಲಿಲ್ಲ. ಇದಕ್ಕಿಂತ ಚೆನ್ನಾಗಿ ಬೇಕು ಅಂದರೆ ದುರಾಸೆ. 0.010 ದಾಟಿದ್ದರೆ ನಾನು ವಾಪಸ್ ಕೊಟ್ಟು ಹೊರಡುತ್ತಿದ್ದೆ.

ಬ್ಯಾರೆಲ್ ಹಿಂಬದಿಯ ಬಾಯನ್ನೂ ಟಾರ್ಚಿನಲ್ಲಿ ನೋಡಿದೆ. ಮಾಡೆಲ್ 19ರಂಥ ಮ್ಯಾಗ್ನಮ್ಮುಗಳಲ್ಲಿ ಈ ಬಾಯಿಯ ಕೆಳಭಾಗವನ್ನು ಚಪ್ಪಟೆಯಾಗಿ ಕೆತ್ತಿರುತ್ತಾರೆ, ಉಕ್ಕು ಅಲ್ಲಿ ತೆಳ್ಳಗೆ. ಹಗುರ ತೂಕದ, ಜೋರು ವೇಗದ ಗುಂಡುಗಳನ್ನು ಜಾಸ್ತಿ ಹೊಡೆದರೆ ಅಲ್ಲೇ ಬಿರುಕು ಬೀಳುತ್ತದೆ. ಇದು .38, ಆ ಭಯ ಇಲ್ಲ. ಅಭ್ಯಾಸಕ್ಕೆ ನೋಡಿದೆ.

ಉಳಿದದ್ದು ರಬ್ಬರಿನ ಕೆಳಗೆ ಏನಿದೆ ಅನ್ನೋದು. ರಬ್ಬರ್ ಬೆವರನ್ನು, ತೇವವನ್ನು ಹಿಡಿದಿಡುತ್ತದೆ. "ಹಿಡಿ ಬಿಚ್ಚಬಹುದಾ?" ಅಂದೆ. ಡೀಲರ್ ಮುಖ ಸ್ವಲ್ಪ ಸಿಂಡರಿಸಿದರು. "ಯಾರೂ ಕೇಳಲ್ಲ ಇದನ್ನ" ಅಂದರು. ಬಿಚ್ಚಿದೆವು. ಬುಡದ ನಂಬರ್ ಸರಿ ಇತ್ತು, ಕೆ ಅಕ್ಷರದಿಂದಲೇ ಶುರು. ಆದರೆ ಹಿಂಬದಿಯ ಪಟ್ಟಿಯ ಮೇಲೆ ರಾಗಿ ಎರಚಿದಂತೆ ತುಕ್ಕಿನ ಚುಕ್ಕೆಗಳು. ಉಗುರಿನಿಂದ ಸವರಿದೆ. ಗುಳಿ ಬಿದ್ದಿರಲಿಲ್ಲ, ಮೇಲ್ಮೇಲೆ ಅಷ್ಟೇ. ನನಗೆ ಒಳಗೊಳಗೆ ಸಂತೋಷ. ಡೀಲರಿಗೂ ತುಕ್ಕು ಕಂಡಿತ್ತು.

"ಮೂಲ ಮರದ ಹಿಡಿ ಇದೆಯಾ ಸಾರ್?"

"ಎಲ್ಲಿಂದ ಬರಬೇಕು? ಇಲಾಖೆಯವರು ಎಲ್ಲದಕ್ಕೂ ರಬ್ಬರ್ ಹಾಕಿಸಿ ಹಳೇದನ್ನ ಬಿಸಾಕಿದ್ದಾರೆ."

"ತುಕ್ಕು ಬಂದಿದೆ, ಹಿಡಿ ಇಲ್ಲ, ಪೆಟ್ಟಿಗೆ ಇಲ್ಲ. ನೀವೇ ಒಂದು ಹೇಳಿ."

ನಾನು ಬೆಲೆ ಹೇಳಲಿಲ್ಲ. ಇದೂ ಮೇಷ್ಟ್ರ ಪಾಠವೇ. ಅವರು ಚೀಟಿಯ ಬೆಲೆಯಲ್ಲಿ ಹತ್ತರಲ್ಲೊಂದು ಭಾಗ ಇಳಿಸಿದರು. ನಾನು ಸುಮ್ಮನೆ ತುಕ್ಕಿನ ಚುಕ್ಕೆ ನೋಡುತ್ತಾ ನಿಂತೆ. ಇನ್ನೊಂದು ಸ್ವಲ್ಪ ಇಳಿಯಿತು. ಅಷ್ಟಕ್ಕೆ ಸರಿ ಅಂದೆ. ಇನ್ನೂ ಎಳೆಯಬಹುದಿತ್ತೋ ಏನೋ. ಆದರೆ ಮೂಲೆಯ ಕಪಾಟಿಗೆ ಮುಂದೆ ಏನು ಬರುತ್ತದೆ ಅಂತ ಅವರು ನನಗೆ ಮೊದಲು ಹೇಳಬೇಕಲ್ಲ. ಒಟ್ಟಿನಲ್ಲಿ ನನ್ನ ನೋಟ್‌ಬುಕ್ಕಿನ ಸರಾಸರಿಗಿಂತ ಮೂರನೇ ಒಂದು ಭಾಗ ಕಮ್ಮಿಗೆ ಬಂತು.

ಕಾಗದದ ಕೆಲಸಕ್ಕೆ ಹಿಡಿದ ದಿನಗಳನ್ನು ಹೇಗೆ ಕಳೆದೆನೋ. ಕೈಗೆ ಬಂದ ಮೇಲೆ ತುಕ್ಕಿನ ಮೇಲೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದೆ. ನಾಲ್ಕೈದು ದಿನ ಹೀಗೇ. ಅಂಗಡಿಯ ತುಕ್ಕುನಾಶಕ ಹಾಕಬೇಡ ಅಂತ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಆ ನೀಲಿ ಬಣ್ಣವೂ ಒಂದು ಜಾತಿಯ ತುಕ್ಕೇ, ಮನುಷ್ಯ ಬೇಕೆಂದು ಹಿಡಿಸಿದ್ದು. ಔಷಧಿಗೆ ಒಳ್ಳೆ ತುಕ್ಕು, ಕೆಟ್ಟ ತುಕ್ಕು ಅಂತ ಭೇದ ಇಲ್ಲ, ಎರಡನ್ನೂ ತಿಂದುಬಿಡುತ್ತದೆ. ಸ್ಮಿತ್ ಆಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ಅದು ಕಾರ್ಖಾನೆಯಿಂದ ಯಾವಾಗ ಹೊರಟಿತು ಅಂತ ದಾಖಲೆ ನೋಡಿ ಪತ್ರ ಬರೆದುಕೊಡುತ್ತಾರೆ. ನನ್ನದರ ಪತ್ರದಲ್ಲಿ 1964 ಅಂತ ಬಂತು. ಪತ್ರಕ್ಕೆ ಕೊಟ್ಟದ್ದನ್ನು ಲಾಭದಲ್ಲಿ ಕಳೆಯಿರಿ.

ಆ ಕೋಲ್ಟನ್ನು ಆಮೇಲೆ ಮಾರಿದೆ. ಮರುಬಣ್ಣ ಆಗಿದೆ, ಟೈಮಿಂಗ್ ತಪ್ಪಿದೆ, ಸರಿಮಾಡಿಸದೆ ಹೊಡೆಯಬೇಡಿ ಅಂತ ಚೀಟಿ ಬರೆದು ಡೀಲರಿಗೆ ಕೊಟ್ಟೆ. ನಷ್ಟ ಎಷ್ಟು ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೇನೆ, ಇಲ್ಲಿ ಬೇಡ.

ಇನ್ನು ಹಿಡಿ. 1968ಕ್ಕೆ ಮುಂಚಿನ ಮರದ ಹಿಡಿಗಳಲ್ಲಿ ಸ್ಕ್ರೂ ಕೂರುವ ಜಾಗದ ಸುತ್ತ ಕೆತ್ತನೆ ಬಿಟ್ಟು ಡೈಮಂಡ್ ಆಕಾರ ಉಳಿಸಿರುತ್ತಾರೆ. ನನ್ನ 15-2ಗೆ ಅದೇ ಬೇಕು. ಇಲಾಖೆಯವರು ಬಿಸಾಕಿದ ಎರಡು ಮರದ ಚೂರುಗಳಿಗೆ ಮಾರುಕಟ್ಟೆಯಲ್ಲಿ ಇಷ್ಟು ಬೇಡಿಕೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಕಲಿಯೂ ಬೇಕಾದಷ್ಟಿವೆ. ಅಸಲಿ ಅಂದವರ ಬೆಲೆ ಕೇಳಿ ಎರಡು ತಿಂಗಳು ರಬ್ಬರಿನಲ್ಲೇ ಇಟ್ಟೆ. ಕೊನೆಗೆ ತಡೆಯಲಾಗಲಿಲ್ಲ. ಒಬ್ಬರ ಹತ್ತಿರ ಒಂದು ಜೊತೆ ಸಿಕ್ಕಿತು. ಕೆಳಗಿನ ಮೂಲೆಯಲ್ಲಿ ಸಣ್ಣ ಚಕ್ಕೆ ಎದ್ದಿತ್ತು, ಅದಕ್ಕೇ ಒಂಚೂರು ಕಮ್ಮಿ ಮಾಡಿದರು. ಡೀಲರ್ ಹತ್ತಿರ ಉಳಿಸಿದ್ದರಲ್ಲಿ ಮುಕ್ಕಾಲು ಭಾಗ ಅದಕ್ಕೇ ಹೋಯಿತು.

ಮೇಷ್ಟ್ರ ಮೇಜಿನ ಮೇಲೇ ಜೋಡಿಸಿದೆವು. ಹಾಕುವ ಮುಂಚೆ ಅವರು ಬಲಗಡೆಯ ತುಂಡನ್ನು ತಿರುಗಿಸಿ ಭೂತಗನ್ನಡಿ ಹಿಡಿದರು. ಆ ಕಾಲದಲ್ಲಿ ಹಿಡಿಯ ಒಳಮೈಗೂ ರಿವಾಲ್ವರಿನ ನಂಬರ್ ಒತ್ತುತ್ತಿದ್ದರು. ಮಾಸಿದ್ದರೂ ಓದಲು ಬರುತ್ತಿತ್ತು. ಕೆ ಅಕ್ಷರ, ಆರು ಅಂಕಿ. ನನ್ನದಕ್ಕಿಂತ ಕೆಲವು ಸಾವಿರ ಹಿಂದಿನದು.

"ಇದರ ರಿವಾಲ್ವರ್ ಎಲ್ಲಿ ರಬ್ಬರ್ ಹಾಕ್ಕೊಂಡು ಕೂತಿದೆಯೋ" ಅಂದರು ಮೇಷ್ಟ್ರು.

ಆ ನಂಬರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ. ಮೂಲೆಯ ಕಪಾಟುಗಳಲ್ಲಿ ರಬ್ಬರ್ ಹಿಡಿಯ ಸ್ಮಿತ್ ಕಂಡಾಗಲೆಲ್ಲ, ಬೆಲೆಚೀಟಿ ನೋಡುವ ಮೊದಲೇ ಹಿಡಿ ಬಿಚ್ಚಬಹುದಾ ಅಂತ ಕೇಳುತ್ತೇನೆ.